ಜಾನ್ ನೋಯೆಲ್

ಕ್ಯಾಪ್ಟನ್ ಜಾನ್ ಬ್ಯಾಪ್ಟಿಸ್ಟ್ ಲೂಷಿಯಸ್ ನೋಯೆಲ್ (ಫೆಬ್ರವರಿ 26, 1890 – ಮಾರ್ಚ್ 12, 1989) ಬ್ರಿಟಿಷ್ ಸೈನ್ಯಾಧಿಕಾರಿ, ಪರ್ವತಾರೋಹಿ, ಛಾಯಾಗ್ರಾಹಕ ಮತ್ತು ಚಲನಚಿತ್ರ ನಿರ್ಮಾಪಕರು. ಎವರೆಸ್ಟ್ ಶಿಖರವನ್ನು ಏರಲು 1922 ಮತ್ತು 1924ರಲ್ಲಿ ನಡೆದ ಬ್ರಿಟಿಷ್ ಯಾತ್ರೆಗಳನ್ನು ಚಲನಚಿತ್ರದಲ್ಲಿ ದಾಖಲಿಸಿದ ಕೀರ್ತಿ ಇವರದು. ಜಾರ್ಜ್ ಮ್ಯಾಲೊರಿ ಮತ್ತು ಆಂಡ್ರ್ಯೂ ಇರ್ವಿನ್ ಶಿಖರದ ಸಮೀಪದಲ್ಲಿ ಕಣ್ಮರೆಯಾದ 1924ರ ಯಾತ್ರೆಯನ್ನು ಕುರಿತ 'ದಿ ಎಪಿಕ್ ಆಫ್ ಎವರೆಸ್ಟ್' ಎಂಬ ಮೂಕಿ ಚಿತ್ರವು ಇವರ ಮುಖ್ಯ ಕೃತಿ. ಪರ್ವತಾರೋಹಣವನ್ನು ಕುರಿತ ಸಾಕ್ಷ್ಯಚಿತ್ರಗಳ ಇತಿಹಾಸದಲ್ಲಿ ಈ ಚಿತ್ರಕ್ಕೆ ಮಹತ್ವದ ಸ್ಥಾನವಿದೆ. ಇದೇ ಚಿತ್ರದ ಪ್ರದರ್ಶನವು ಬ್ರಿಟನ್ ಮತ್ತು ಟಿಬೆಟ್‌ಗಳ ಸಂಬಂಧದಲ್ಲಿ ಕಹಿಯನ್ನೂ ಉಂಟುಮಾಡಿತು.

ಜನನ ಮತ್ತು ವಿದ್ಯಾಭ್ಯಾಸ

ನೋಯೆಲ್ ಇಂಗ್ಲೆಂಡಿನ ಡೆವನ್ ಪ್ರಾಂತದ ನ್ಯೂಟನ್ ಅಬಟ್ ಪಟ್ಟಣದಲ್ಲಿ ಜನಿಸಿದರು. ತಂದೆ ಎಡ್ವರ್ಡ್ ನೋಯೆಲ್ ಸೈನ್ಯದಲ್ಲಿ ಕರ್ನಲ್ ಆಗಿದ್ದವರು. ತಾಯಿಗೆ ಚಿತ್ರಕಲೆಯಲ್ಲಿ ಒಲವಿತ್ತು. ಬಾಲ್ಯದ ವಿದ್ಯಾಭ್ಯಾಸದ ಒಂದು ಭಾಗ ಸ್ವಿಟ್ಜರ್ಲೆಂಡಿನಲ್ಲಿ ನಡೆದುದರಿಂದ ಆಲ್ಪ್ಸ್ ಪರ್ವತಗಳ ಪರಿಚಯ ಎಳೆಯ ವಯಸ್ಸಿನಲ್ಲೇ ಆಯಿತು. ಬೆಟ್ಟಗಳ ಮೇಲಿನ ಪ್ರೀತಿ ಅಲ್ಲಿಂದ ಆರಂಭವಾಗಿ ಜೀವನದ ಕೊನೆಯವರೆಗೂ ಉಳಿಯಿತು. ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ಶಿಕ್ಷಣ ಪಡೆದ ಅವರು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೇರಿ ಭಾರತಕ್ಕೆ ಬಂದರು. ಬಿಡುವಿನ ಕಾಲವನ್ನು ಹಿಮಾಲಯದ ತಪ್ಪಲಿನಲ್ಲಿ, ವಿಶೇಷವಾಗಿ ಸಿಕ್ಕಿಂ ಗಡಿಯ ಕಣಿವೆಗಳಲ್ಲಿ ಸುತ್ತಾಡುತ್ತ ಕಳೆದರು.

1913ರ ರಹಸ್ಯ ಯಾತ್ರೆ

ಆ ಕಾಲದಲ್ಲಿ ಎವರೆಸ್ಟ್ ಶಿಖರದ ಬಳಿಗೆ ಹೋಗುವುದು ಪಾಶ್ಚಾತ್ಯರಿಗೆ ಸಾಧ್ಯವಿರಲಿಲ್ಲ. ಶಿಖರವು ನೇಪಾಳ ಮತ್ತು ಟಿಬೆಟ್‌ಗಳ ಗಡಿಯಲ್ಲಿದ್ದು, ಎರಡೂ ದೇಶಗಳು ಪರದೇಶಿಗಳಿಗೆ ಬಾಗಿಲು ಮುಚ್ಚಿದ್ದವು. 1913ರಲ್ಲಿ ನೋಯೆಲ್ ಮೈಬಣ್ಣ ಮತ್ತು ಕೂದಲನ್ನು ಕಪ್ಪಾಗಿಸಿಕೊಂಡು, ಭಾರತದ ಮುಸಲ್ಮಾನನೆಂಬ ವೇಷದಲ್ಲಿ, ಕೆಲವೇ ಸ್ಥಳೀಯ ಸಂಗಾತಿಗಳೊಡನೆ ಅನುಮತಿಯಿಲ್ಲದೆ ಟಿಬೆಟನ್ನು ಪ್ರವೇಶಿಸಿದರು. ಜನವಸತಿಯಿರುವ ಊರುಗಳನ್ನು ತಪ್ಪಿಸುತ್ತ ಸಾಗಿದ ಅವರು ಎವರೆಸ್ಟಿನಿಂದ ಸುಮಾರು 40 ಮೈಲಿ (64 ಕಿ.ಮೀ.) ದೂರದವರೆಗೆ ತಲುಪಿದರು. ಮುಂದೆ ಟಿಬೆಟಿನ ಸೈನಿಕರು ತಡೆದುದರಿಂದ ಹಿಂದಿರುಗಬೇಕಾಯಿತು. ಅಲ್ಲಿಯವರೆಗೆ ಯಾವ ಪಾಶ್ಚಾತ್ಯನೂ ಆ ಶಿಖರಕ್ಕೆ ಅಷ್ಟು ಸಮೀಪ ಹೋಗಿರಲಿಲ್ಲವೆಂದು ಪರಿಗಣಿಸಲಾಗಿದೆ.

ಮೊದಲ ಮಹಾಯುದ್ಧ ಮತ್ತು 1919ರ ಉಪನ್ಯಾಸ

1914ರಲ್ಲಿ ಆರಂಭವಾದ ಮಹಾಯುದ್ಧದಿಂದ ಎವರೆಸ್ಟ್ ಕುರಿತ ಯೋಜನೆಗಳೆಲ್ಲ ನಿಂತುಹೋದವು. ನೋಯೆಲ್ ಫ್ರಾನ್ಸಿನ ರಣರಂಗದಲ್ಲಿ ಜರ್ಮನರಿಗೆ ಸೆರೆಸಿಕ್ಕು, ತಪ್ಪಿಸಿಕೊಂಡು ಬಂದರು. ಯುದ್ಧ ಮುಗಿದ ಮೇಲೆ, 1919ರ ಮಾರ್ಚ್ 10ರಂದು, ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ತಮ್ಮ ರಹಸ್ಯ ಯಾತ್ರೆಯನ್ನು ಕುರಿತು ಉಪನ್ಯಾಸ ನೀಡಿದರು. ಎವರೆಸ್ಟ್ ಆರೋಹಣದ ವಿಚಾರಕ್ಕೆ ಮತ್ತೆ ಜೀವ ಬಂದುದು ಈ ಉಪನ್ಯಾಸದಿಂದ. ಮುಂದೆ ಆ ಸೊಸೈಟಿ ಮತ್ತು ಆಲ್ಪೈನ್ ಕ್ಲಬ್ಬುಗಳು ಕೂಡಿ ಎವರೆಸ್ಟ್ ಸಮಿತಿಯನ್ನು ರಚಿಸಿದವು. ಟಿಬೆಟಿನ ದಲೈ ಲಾಮಾ ಅವರಿಂದ ಅನುಮತಿ ದೊರೆತು, 1921ರಲ್ಲಿ ಮೊದಲ ಪರಿಶೀಲನಾ ಯಾತ್ರೆ ಹೊರಟಿತು. ಆ ತಂಡದಲ್ಲಿ ನೋಯೆಲ್ ಇರಲಿಲ್ಲ.

1922ರ ಯಾತ್ರೆ

1922ರ ಯಾತ್ರೆಗೆ ನೋಯೆಲ್ ಅಧಿಕೃತ ಛಾಯಾಗ್ರಾಹಕರಾಗಿ ನೇಮಕಗೊಂಡರು. ಕ್ಯಾಪ್ಟನ್ ಸ್ಕಾಟ್ ಅವರ ದಕ್ಷಿಣ ಧ್ರುವ ಯಾತ್ರೆಯನ್ನು ಚಿತ್ರೀಕರಿಸಿದ ಹರ್ಬರ್ಟ್ ಪಾಂಟಿಂಗ್ ಅವರ ಕೆಲಸವು ನೋಯೆಲ್ ಅವರಿಗೆ ಮಾದರಿಯಾಗಿತ್ತು. ಅತಿಶೀತದಲ್ಲೂ ಕೆಲಸ ಮಾಡಬಲ್ಲ ನ್ಯೂಮನ್-ಸಿಂಕ್ಲೇರ್ ಕ್ಯಾಮೆರಾವನ್ನು ಅವರು ಆರಿಸಿಕೊಂಡರು. ಅದನ್ನು ಸುಮಾರು 7,000 ಮೀಟರ್ ಎತ್ತರದ ನಾರ್ತ್ ಕೋಲ್‌ವರೆಗೆ ಹೊತ್ತು ಸಾಗಿಸಲಾಯಿತು. ಅಷ್ಟು ಎತ್ತರದಲ್ಲಿ ಅದಕ್ಕೆ ಮೊದಲು ಚಲನಚಿತ್ರದ ಚಿತ್ರೀಕರಣ ನಡೆದಿರಲಿಲ್ಲ.

ಚಿತ್ರೀಕರಣಕ್ಕಿಂತ ಫಿಲ್ಮಿನ ಸಂಸ್ಕರಣೆ ಕಷ್ಟದ ಕೆಲಸವಾಗಿತ್ತು. ಶಿಬಿರದಲ್ಲಿ ಬೆಳಕು ತೂರದಂತಹ ಡೇರೆಯೊಂದನ್ನು ಹೂಡಿ, ಫಿಲ್ಮನ್ನು ಅಲ್ಲಿಯೇ ತೊಳೆದು, ಚಮರೀಮೃಗದ ಸೆಗಣಿಯನ್ನು ಉರಿಸುವ ಒಲೆಯ ಕಾವಿನಲ್ಲಿ ಒಣಗಿಸಬೇಕಾಗಿತ್ತು. ಸದಾ ಬೀಸುವ ಗಾಳಿಯಲ್ಲಿ ತೇಲಿಬರುವ ಧೂಳು ಹಸಿ ಫಿಲ್ಮಿಗೆ ಅಂಟದಂತೆ ಕಾಯುವುದು ಇನ್ನೊಂದು ತೊಡಕು.

ಈ ಯಾತ್ರೆಯಲ್ಲಿ ಜಾರ್ಜ್ ಫಿಂಚ್ ಮತ್ತು ಜೆಫ್ರಿ ಬ್ರೂಸ್ ಆಮ್ಲಜನಕದ ನೆರವಿನಿಂದ ಸುಮಾರು 8,320 ಮೀಟರ್ ಎತ್ತರವನ್ನು ತಲುಪಿದರು. ಜೂನ್ 7ರಂದು ನಾರ್ತ್ ಕೋಲ್‌ನ ಇಳಿಜಾರಿನಲ್ಲಿ ಸಂಭವಿಸಿದ ಹಿಮಕುಸಿತದಲ್ಲಿ ಏಳು ಮಂದಿ ಹೊರೆಯಾಳುಗಳು ಮೃತಪಟ್ಟುದರಿಂದ ಯಾತ್ರೆಯು ಕೊನೆಗೊಂಡಿತು. ಈ ಯಾತ್ರೆಯ ದೃಶ್ಯಗಳಿಂದ 'ಕ್ಲೈಂಬಿಂಗ್ ಮೌಂಟ್ ಎವರೆಸ್ಟ್' ಎಂಬ ಚಿತ್ರ ಸಿದ್ಧವಾಯಿತು.

1924ರ ಯಾತ್ರೆ

ಮುಂದಿನ ಯಾತ್ರೆಗೆ ಸಮಿತಿಯ ಬಳಿ ಸಾಕಷ್ಟು ಹಣವಿರಲಿಲ್ಲ. ಯಾತ್ರೆಯ ಎಲ್ಲ ಛಾಯಾಚಿತ್ರ ಮತ್ತು ಚಲನಚಿತ್ರಗಳ ಹಕ್ಕುಗಳಿಗೆ ಪ್ರತಿಯಾಗಿ 8,000 ಪೌಂಡುಗಳನ್ನು ನೀಡಲು ನೋಯೆಲ್ ಮುಂದೆ ಬಂದರು. ಇದಕ್ಕಾಗಿ 'ಎಕ್ಸ್‌ಪ್ಲೋರರ್ ಫಿಲ್ಮ್ಸ್' ಎಂಬ ಕಂಪನಿಯನ್ನು ಸ್ಥಾಪಿಸಿದರು. ಹಣದ ಕೊರತೆ ನೀಗಿತಾದರೂ ಯಾತ್ರೆಯ ಫಲಾಫಲವು ಚಿತ್ರದ ವ್ಯಾಪಾರದೊಡನೆ ತಳಕು ಹಾಕಿಕೊಂಡಿತು. ಹಣ ಸಂಗ್ರಹಕ್ಕಾಗಿ ಅವರು ವಿಶೇಷ ಎವರೆಸ್ಟ್ ಅಂಚೆಚೀಟಿ ಅಂಟಿಸಿದ ಚಿತ್ರಕಾರ್ಡುಗಳನ್ನು ಹಿಮಾಲಯದಿಂದ ಶಾಲಾ ಮಕ್ಕಳಿಗೆ ಕಳುಹಿಸುವ ಏರ್ಪಾಡನ್ನೂ ಮಾಡಿದ್ದರು.

ಹಿಂದಿನ ಅನುಭವದಿಂದ ಪಾಠ ಕಲಿತಿದ್ದ ನೋಯೆಲ್ ಈ ಬಾರಿ ಡಾರ್ಜಿಲಿಂಗಿನಲ್ಲಿ ಸಂಸ್ಕರಣಾಗಾರವನ್ನು ಕಟ್ಟಿಸಿದರು. ಚಿತ್ರೀಕರಿಸಿದ ಫಿಲ್ಮನ್ನು ಓಟಗಾರರ ಮೂಲಕ ಟಿಬೆಟಿನ ಪ್ರಸ್ಥಭೂಮಿಯನ್ನು ದಾಟಿಸಿ ಅಲ್ಲಿಗೆ ತಲುಪಿಸಲಾಗುತ್ತಿತ್ತು. ಕ್ಯಾಮೆರಾಗೆ 20 ಅಂಗುಲದ ದೂರಗ್ರಾಹಿ ಮಸೂರವನ್ನು ಅಳವಡಿಸಲಾಗಿತ್ತು. ಗುರಿಯನ್ನು ಹುಡುಕಲು ಪುಟ್ಟ ದೂರದರ್ಶಕವೊಂದನ್ನು ಅದರ ಜೊತೆಗೇ ಜೋಡಿಸಿದ್ದರು. ಸುಮಾರು 6,700 ಮೀಟರ್ ಎತ್ತರದಲ್ಲಿದ್ದ, 'ಹದ್ದಿನ ಗೂಡು' ಎಂದು ಹೆಸರಿಟ್ಟ ಬಂಡೆಯ ಅಂಚಿನಲ್ಲಿ ಕುಳಿತು, ಹಿಮದ ಮೇಲೆ ಚುಕ್ಕೆಗಳಂತೆ ಚಲಿಸುವ ಆರೋಹಿಗಳನ್ನು ಕೆಲವು ಕಿಲೋಮೀಟರ್ ದೂರದಿಂದ ಚಿತ್ರೀಕರಿಸಿದರು.

ಜೂನ್ 4ರಂದು ತಂಡದ ನಾಯಕ ಎಡ್ವರ್ಡ್ ನಾರ್ಟನ್ ಆಮ್ಲಜನಕವಿಲ್ಲದೆಯೇ ಸುಮಾರು 8,570 ಮೀಟರ್ ಎತ್ತರವನ್ನು ತಲುಪಿದರು. ಜೂನ್ 8ರಂದು ಮ್ಯಾಲೊರಿ ಮತ್ತು ಇರ್ವಿನ್ ಶಿಖರದತ್ತ ಹೊರಟರು. ಕೆಳಗಿನಿಂದ ಬರುತ್ತಿದ್ದ ನೋಯೆಲ್ ಒಡೆಲ್ ಎಂಬ ಮತ್ತೊಬ್ಬ ಸದಸ್ಯರು ಮಧ್ಯಾಹ್ನ 12.50ಕ್ಕೆ ಮೋಡಗಳ ನಡುವೆ ಅವರಿಬ್ಬರನ್ನು ಕಂಡರು. ಅನಂತರ ಅವರನ್ನು ಯಾರೂ ಕಾಣಲಿಲ್ಲ. ಒಡೆಲ್ ಮೇಲಿನ ಶಿಬಿರಗಳಲ್ಲಿ ಹುಡುಕಿದರೂ ಯಾವ ಸುಳಿವೂ ಸಿಗಲಿಲ್ಲ. ಮೊದಲೇ ಗೊತ್ತುಮಾಡಿಕೊಂಡಿದ್ದ ಸಂಕೇತದಂತೆ, ಆಸೆ ಉಳಿದಿಲ್ಲವೆಂದು ತಿಳಿಸಲು ನಾರ್ತ್ ಕೋಲ್‌ನ ಹಿಮದ ಮೇಲೆ ಕಂಬಳಿಗಳನ್ನು ಶಿಲುಬೆಯಾಕಾರದಲ್ಲಿ ಹಾಸಲಾಯಿತು. ಕೆಳಗಿನ ಶಿಬಿರದಲ್ಲಿ ಕಾಯುತ್ತಿದ್ದವರಿಗೆ ಸುದ್ದಿ ತಿಳಿದುದು ಈ ಸಂಕೇತದಿಂದಲೇ. ನೋಯೆಲ್ ಅವರ ಚಿತ್ರದ ಅತ್ಯಂತ ಮನಕಲಕುವ ಭಾಗವೂ ಇದೇ.

'ದಿ ಎಪಿಕ್ ಆಫ್ ಎವರೆಸ್ಟ್'

ಚಿತ್ರವು 1924ರ ಡಿಸೆಂಬರಿನಲ್ಲಿ ಲಂಡನ್ನಿನ ಸ್ಕಾಲಾ ಚಿತ್ರಮಂದಿರದಲ್ಲಿ ತೆರೆಕಂಡಿತು. ಶಿಖರವನ್ನು ಗೆದ್ದ ಕತೆ ಹೇಳುವ ಅವಕಾಶ ನೋಯೆಲ್ ಅವರಿಗೆ ಇರಲಿಲ್ಲ. ಆದುದರಿಂದ ಚಿತ್ರವು ಪರ್ವತವನ್ನೇ ಮುಖ್ಯ ಪಾತ್ರವನ್ನಾಗಿಸಿ, ಅದರ ಮುಂದೆ ಮನುಷ್ಯನ ಅಲ್ಪತೆಯನ್ನು ತೋರಿಸುವ ದಾರಿಯನ್ನು ಹಿಡಿಯಿತು. ಹಿಮನದಿಯ ಮೇಲೆ ಸರಿಯುವ ಮೋಡಗಳ ನೆರಳು, ಹಿಮಗೋಪುರಗಳ ನಡುವೆ ಸಾಲಾಗಿ ನಡೆಯುವ ಹೊರೆಯಾಳುಗಳು, ಬಣ್ಣ ಲೇಪಿಸಿದ ಸಂಜೆಯ ದೃಶ್ಯಗಳು ಇದರ ವಿಶೇಷ. ಟಿಬೆಟಿನ ಹಳ್ಳಿಗಳ ಜನಜೀವನವನ್ನು ಅಷ್ಟು ಹಿಂದೆಯೇ ದಾಖಲಿಸಿರುವುದು ಚಿತ್ರದ ಇನ್ನೊಂದು ಮಹತ್ವ. ಆದರೆ ಆ ಜನರನ್ನು ಕುರಿತ ಬರಹದ ಫಲಕಗಳಲ್ಲಿ ಅಂದಿನ ಸಾಮ್ರಾಜ್ಯದ ಮೇಲರಿಮೆಯೂ ಕಾಣುತ್ತದೆ.

ಲಾಮಾಗಳ ವಿವಾದ

ಪ್ರೇಕ್ಷಕರನ್ನು ಆಕರ್ಷಿಸಲು ನೋಯೆಲ್ ಟಿಬೆಟಿನಿಂದ ಏಳು ಮಂದಿ ಲಾಮಾಗಳನ್ನು ಕರೆತಂದು, ಚಿತ್ರಕ್ಕೆ ಮುನ್ನ ವೇದಿಕೆಯ ಮೇಲೆ ಅವರ ಸಂಗೀತ ಮತ್ತು ನೃತ್ಯವನ್ನು ಏರ್ಪಡಿಸಿದರು. ಧಾರ್ಮಿಕ ಆಚರಣೆಯನ್ನು ಮನರಂಜನೆಯ ಸರಕನ್ನಾಗಿ ಮಾಡಿದುದು ಟಿಬೆಟಿನ ಆಡಳಿತಕ್ಕೆ ಅಪಮಾನವೆನಿಸಿತು. ಮಗುವಿನ ತಲೆಯಿಂದ ಹೇನು ಹೆಕ್ಕಿ ತಿನ್ನುವಂತೆ ತೋರಿಸಿದ ದೃಶ್ಯವು ಅಸಮಾಧಾನವನ್ನು ಹೆಚ್ಚಿಸಿತು. ಲಾಮಾಗಳನ್ನು ಹಿಂದಿರುಗಿಸಬೇಕೆಂದು ಟಿಬೆಟ್ ಒತ್ತಾಯಿಸಿತು. ಯಾತ್ರೆಯ ಸದಸ್ಯರೊಬ್ಬರು ಅನುಮತಿಯಿಲ್ಲದ ಪ್ರದೇಶಕ್ಕೆ ಹೋಗಿದ್ದುದೂ ದೂರಿಗೆ ಕಾರಣವಾಗಿತ್ತು. ಪರಿಣಾಮವಾಗಿ 1933ರವರೆಗೆ ಮತ್ತೊಂದು ಬ್ರಿಟಿಷ್ ಯಾತ್ರೆ ಎವರೆಸ್ಟಿಗೆ ಹೋಗಲು ಸಾಧ್ಯವಾಗಲಿಲ್ಲ. ಎವರೆಸ್ಟ್ ಯಾತ್ರೆಗಳಿಗೆ ಚಾಲನೆ ನೀಡಿದ ವ್ಯಕ್ತಿಯ ಚಿತ್ರವೇ ಅವುಗಳ ಬಾಗಿಲು ಮುಚ್ಚಲು ಕಾರಣವಾದುದು ಇತಿಹಾಸದ ವಿಪರ್ಯಾಸ.

ಕೊನೆಯ ವರ್ಷಗಳು

ಅನಂತರ ನೋಯೆಲ್ ಉತ್ತರ ಅಮೆರಿಕದಲ್ಲಿ ಸಂಚರಿಸಿ ತಮ್ಮ ಚಿತ್ರಗಳೊಡನೆ ಉಪನ್ಯಾಸಗಳನ್ನು ನೀಡಿದರು. 1927ರಲ್ಲಿ 'ಥ್ರೂ ಟಿಬೆಟ್ ಟು ಎವರೆಸ್ಟ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಎವರೆಸ್ಟ್ ಯಾತ್ರೆಗಳಿಗೆ ಮಾತ್ರ ಮರಳಲಿಲ್ಲ. ಮೊದಲ ಪತ್ನಿ ಸಿಬಿಲ್ ನಿಧನರಾದ ಮೇಲೆ ಮರುವಿವಾಹವಾದರು. ಇಂಗ್ಲೆಂಡಿನಲ್ಲಿ ಹಳೆಯ ಮನೆಗಳನ್ನು ದುರಸ್ತಿಗೊಳಿಸುವ ಕೆಲಸದಲ್ಲಿ ಬಹುಕಾಲ ತೊಡಗಿದ್ದ ಅವರು 1989ರಲ್ಲಿ ತಮ್ಮ 99ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಪರಂಪರೆ

1953ರಲ್ಲಿ ಎವರೆಸ್ಟ್ ಶಿಖರವನ್ನು ತೇನ್‌ಸಿಂಗ್ ಮತ್ತು ಹಿಲರಿ ಏರಿದಾಗ, ಆ ಯಾತ್ರೆಯನ್ನು ಟಾಮ್ ಸ್ಟೋಬಾರ್ಟ್ 'ದಿ ಕಾಂಕ್ವೆಸ್ಟ್ ಆಫ್ ಎವರೆಸ್ಟ್' ಚಿತ್ರಕ್ಕಾಗಿ ವರ್ಣದಲ್ಲಿ ಚಿತ್ರೀಕರಿಸಿದರು. ಯಾತ್ರೆಯೊಡನೆ ಕ್ಯಾಮೆರಾವೂ ಸಾಗುವ ಈ ಸಂಪ್ರದಾಯಕ್ಕೆ ಎವರೆಸ್ಟಿನಲ್ಲಿ ನಾಂದಿ ಹಾಡಿದವರು ನೋಯೆಲ್. 1999ರಲ್ಲಿ ಮ್ಯಾಲೊರಿಯವರ ದೇಹವು ಪರ್ವತದ ಉತ್ತರ ಮುಖದಲ್ಲಿ ಪತ್ತೆಯಾದಾಗ ಈ ಚಿತ್ರದತ್ತ ಮತ್ತೆ ಗಮನ ಹರಿಯಿತು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಮೂಲ ಪ್ರತಿಗಳಿಂದ ಚಿತ್ರವನ್ನು ಪುನರುಜ್ಜೀವಗೊಳಿಸಿ, ಸೈಮನ್ ಫಿಷರ್ ಟರ್ನರ್ ಅವರ ಹೊಸ ಸಂಗೀತದೊಡನೆ 2013ರಲ್ಲಿ ಲಂಡನ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿಸಿತು. ಮ್ಯಾಲೊರಿ ಮತ್ತು ಇರ್ವಿನ್ ಶಿಖರವನ್ನು ಮುಟ್ಟಿದ್ದರೇ ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಅವರ ಕೊನೆಯ ಯಾತ್ರೆಯ ಚಲಿಸುವ ದಾಖಲೆಯಾಗಿ ನೋಯೆಲ್ ಅವರ ಚಿತ್ರ ಉಳಿದಿದೆ.

ಮುಖ್ಯ ಕೃತಿಗಳು

- ಕ್ಲೈಂಬಿಂಗ್ ಮೌಂಟ್ ಎವರೆಸ್ಟ್ (ಚಲನಚಿತ್ರ, 1922)
- ದಿ ಎಪಿಕ್ ಆಫ್ ಎವರೆಸ್ಟ್ (ಚಲನಚಿತ್ರ, 1924)
- ಥ್ರೂ ಟಿಬೆಟ್ ಟು ಎವರೆಸ್ಟ್ (ಗ್ರಂಥ, 1927)