ಮಹಾಮಾರಿಯೂ ಯೆಹೂದಿ ವಿಜ್ಞಾನಿಯೂ: ಹಾಫ್‌ಕಿನ್ ಮಹಾಶಯರ ಜೀವನ

ಮುಂಬಯಿಯ ರೈಲುದಾರಿಯೂ ಮದರಾಸಿನ ರೈಲುದಾರಿಯೂ 1871ರಲ್ಲಿ ರಾಯಚೂರಿನಲ್ಲಿ ಬಂದು ಕೂಡಿದುವು. ಕೃಷ್ಣಾ ತುಂಗಭದ್ರೆಗಳ ನಡುವಣ ದೇವದುರ್ಗಕ್ಕೂ ಜಗನ್ನಾಥದಾಸರ ಮಾನ್ವಿಗೂ ಅಂದಿನಿಂದ ಹೊರಲೋಕದ ಬಾಗಿಲು ಅದೇ ಆಯಿತು. ಬಾಗಿಲೆಂದ ಮೇಲೆ ಬೇಕಾದುದೂ ಬರುತ್ತದೆ, ಬೇಡದುದೂ ಬರುತ್ತದೆ. 1896ರಲ್ಲಿ ಮುಂಬಯಿಯ ಮಾಂಡ್ವಿ ಪೇಟೆಯ ಕಾಳಿನ ಉಗ್ರಾಣಗಳ ಬಳಿ ಕಾಣಿಸಿಕೊಂಡ ಪ್ಲೇಗು ಮೂಟೆಯೊಳಗಿನ ಇಲಿ, ಇಲಿಯ ಮೈಮೇಲಿನ ಚಿಗಟಗಳೊಡನೆ ರೈಲುಗಳನ್ನೇರಿ ಹೊರಟಿತು. ಹುಬ್ಬಳ್ಳಿಯನ್ನು ಹಿಡಿಯಿತು, 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಇಲಿ ಬಿತ್ತೆಂದರೆ ಊರಿಗೆ ಊರೇ ಬರಿದಾಗಿ ಹೊಲಗಳಲ್ಲಿ ಗುಡಿಸಲುಗಳು ಏಳುತ್ತಿದ್ದ ಆ ಕಾಲವನ್ನು ಕನ್ನಡನಾಡಿನ ಮುದುಕರು ಬಹುಕಾಲ ಮರೆಯಲಿಲ್ಲ. ಪ್ಲೇಗಮ್ಮನ ಗುಡಿಗಳು ಅದಕ್ಕೆ ಸಾಕ್ಷಿ. ಆದರೆ ಆ ಮಾರಿಗೆ ಮೊದಲ ಮದ್ದನ್ನು ಕಂಡುಹಿಡಿದಾತನ ಹೆಸರು ನಮ್ಮಲ್ಲಿ ಅಷ್ಟಾಗಿ ಉಳಿದಿಲ್ಲ.

ವಾಲ್ಡೆಮಾರ್ ಮೊರ್ದೆಕಾಯ್ ಹಾಫ್‌ಕಿನ್ 1860ರ ಮಾರ್ಚ್ 15ರಂದು ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಮೆಚ್ನಿಕಾಫರ ಶಿಷ್ಯರಾಗಿ ಜೀವಶಾಸ್ತ್ರವನ್ನು ಕಲಿತರು. ಯೆಹೂದಿಗಳ ಮನೆಗಳ ಮೇಲೆ ದೊಂಬಿ ಎದ್ದಾಗ ತಮ್ಮವರ ರಕ್ಷಣೆಗೆ ನಿಂತು ಗಾಯಗೊಂಡರು, ಸೆರೆಯನ್ನೂ ಕಂಡರು. ಪ್ರಾಧ್ಯಾಪಕ ಪದವಿ ಕೈಗೆ ಎಟುಕುವಷ್ಟು ಸಮೀಪದಲ್ಲಿತ್ತು; ಅದಕ್ಕೆ ಬೆಲೆ ಮಾತ್ರ ಮತಾಂತರ. ಕ್ರೈಸ್ತ ದೀಕ್ಷೆಯನ್ನು ಪಡೆಯಲು ಅವರು ಒಪ್ಪಲಿಲ್ಲ. ಆಗಿನ ದಿನಗಳಲ್ಲಿ ಅವರು ಆಚಾರನಿಷ್ಠರೇನೂ ಆಗಿರಲಿಲ್ಲವೆಂಬುದನ್ನು ಗಮನಿಸಬೇಕು. ಸವಲತ್ತಿಗಾಗಿ ಧರ್ಮವನ್ನು ಮಾರಬಾರದೆಂಬ ಹಟವಷ್ಟೇ ಇದ್ದಂತೆ ತೋರುತ್ತದೆ. ಊರನ್ನು ಬಿಟ್ಟು ಜಿನೀವಾಕ್ಕೆ ಹೋದರು. 1889ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ದೊರೆತುದು ಗ್ರಂಥಪಾಲಕನ ಕೆಲಸ.

ಪುಸ್ತಕಗಳನ್ನು ಕಾಯುತ್ತಲೇ ಅವರು ಕಾಲರಾಕ್ಕೆ ಲಸಿಕೆಯನ್ನು ಸಿದ್ಧಪಡಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ಚುಚ್ಚಿಕೊಂಡುದು ತಮ್ಮ ಮೈಗೇ. ಮರುವರ್ಷ ಭಾರತಕ್ಕೆ ಬಂದು ಕಲಕತ್ತೆಯ ಬಡಕೇರಿಗಳಲ್ಲಿಯೂ ಇತರೆಡೆಗಳಲ್ಲಿಯೂ ಸಾವಿರಾರು ಜನಕ್ಕೆ ಮದ್ದು ಹಾಕಿದರು.

1896ರ ಅಕ್ಟೋಬರಿನಲ್ಲಿ ಸರ್ಕಾರ ಅವರನ್ನು ಮುಂಬಯಿಗೆ ಕಳುಹಿಸಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಒಂದು ಇಕ್ಕಟ್ಟಾದ ಸ್ಥಳ, ಒಬ್ಬ ಗುಮಾಸ್ತ, ಮೂವರು ಜವಾನರು: ಇಷ್ಟೇ ಪರಿವಾರ. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ ಪ್ಲೇಗಿನ ಸೂಕ್ಷ್ಮಜೀವಿಗಳು ಆ ಹನಿಗಳಿಂದ ಬಿಳಲುಗಳಂತೆ ಇಳಿಬಿದ್ದು ಬೆಳೆಯುವುದನ್ನು ಅವರು ಕಂಡರು. ಅವನ್ನು ಕಾಯಿಸಿ ಕೊಂದು ಮದ್ದು ಮಾಡಿದರು. ಸಾರಿಗೆ ಗೋಮಾಂಸವೂ ಬೇಡ, ಹಂದಿಯ ಮಾಂಸವೂ ಬೇಡವೆಂದು ಆಡಿನ ಮಾಂಸವನ್ನು ಬಳಸಿದುದರಲ್ಲಿ ಅವರ ವಿವೇಕವನ್ನು ನೋಡಬಹುದು. ತನ್ನ ಧರ್ಮದ ಕಾರಣದಿಂದ ನೊಂದವನಿಗೆ ಪರರ ಧರ್ಮದ ಅಂಜಿಕೆಗಳು ಬೇಗ ಅರ್ಥವಾಗುತ್ತವೆ. 1897ರ ಜನವರಿ 10ರಂದು ಈ ಮದ್ದನ್ನೂ ಮೊದಲು ತಾವೇ ಚುಚ್ಚಿಸಿಕೊಂಡರು. ಬಳಿಕ ಬೈಕುಲ್ಲಾ ಸೆರೆಮನೆಯಲ್ಲಿ, ತಾವಾಗಿ ಮುಂದೆ ಬಂದ ಬಂದಿಗಳ ಮೇಲೆ ಪರೀಕ್ಷೆ ನಡೆಯಿತು.

ಆದರೆ ಜನ ನಂಬಬೇಕಲ್ಲ! ಪ್ಲೇಗಿನ ಅಧಿಕಾರಿಗಳು ಮನೆಯೊಳಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುತ್ತಿದ್ದ ಕಾಲವದು. ಸೂಜಿಯ ಮೇಲೆ ಸಂಶಯ ಹುಟ್ಟಿದುದು ಸಹಜ. ಆಗ ನೆರವಿಗೆ ಬಂದವರಲ್ಲಿ ಬಗ್ದಾದಿ ಯೆಹೂದಿ ಮನೆತನದ ಫ್ಲೋರಾ ಸಸೂನ್ ಒಬ್ಬರು. ಹೀಬ್ರೂ ಶಾಸ್ತ್ರಗಳಲ್ಲಿ ಪಂಡಿತೆ. ಪತಿಯ ಮರಣಾನಂತರ ಮುಂಬಯಿಯ ದೊಡ್ಡ ವ್ಯಾಪಾರವನ್ನು ತಾವೇ ನಡೆಸುತ್ತಿದ್ದ ಗೃಹಿಣಿ. ಜನರ ಅಂಜಿಕೆ ಹೋಗಲೆಂದು ಆಕೆ ತಾವೇ ಚುಚ್ಚಿಸಿಕೊಂಡರು. ಆಗಾ ಖಾನರೂ ಹಾಗೆಯೇ ಮಾಡಿ ತಮ್ಮ ಖೋಜಾ ಸಮುದಾಯವನ್ನು ಕರೆತಂದರು. ಬರೋಡಾ ಸೀಮೆಯ ಉಂಧೇರಾ ಗ್ರಾಮದಲ್ಲಿ 1898ರಲ್ಲಿ ಮನೆಮನೆಯಲ್ಲಿ ಅರ್ಧ ಮಂದಿಗೆ ಮಾತ್ರ ಮದ್ದು ಹಾಕಿದರು. ಹಾಕಿಸಿಕೊಳ್ಳದ 64 ಜನರಲ್ಲಿ 26 ಮಂದಿ ಸತ್ತರು; ಹಾಕಿಸಿಕೊಂಡ 71 ಜನರಲ್ಲಿ ಮೂವರು. ಒಂದೇ ಸೂರಿನಡಿಯ ಅಣ್ಣತಮ್ಮಂದಿರ ಲೆಕ್ಕವಿದು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅದೇ ವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲಾಯ್ಮನ್ನರು ಹತ್ತಾರು ಸಾವಿರ ಜನಕ್ಕೆ ಈ ಮದ್ದನ್ನು ಹಾಕಿದರು. ಹುಬ್ಬಳ್ಳಿಯ ಅಂಕಿಗಳು ಮುಂದೆ ವೈದ್ಯಲೋಕದಲ್ಲಿ ಚರ್ಚೆಯ ವಸ್ತುವಾದುವು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯಿಂದ ಮದ್ದು ಪಡೆದ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ಅಪವಾದ ಪ್ರಯೋಗಾಲಯದ ಮೇಲೆ, ಅಂದರೆ ಹಾಫ್‌ಕಿನ್ನರ ಮೇಲೆ ಬಿತ್ತು. ಅವರನ್ನು ಕೆಲಸದಿಂದ ದೂರವಿಟ್ಟರು. ಸೀಸೆಯನ್ನು ತೆರೆಯುವಾಗ ಇಕ್ಕಳವೊಂದು ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡಿರಲಿಲ್ಲ ಎಂಬ ಸಂಗತಿ ಹೊರಬಿದ್ದರೂ ನ್ಯಾಯ ಬರಲು ವರ್ಷಗಳೇ ಹಿಡಿದುವು. ಪರದೇಶಿ, ಮೇಲಾಗಿ ಯೆಹೂದಿ. ಫ್ರಾನ್ಸಿನ ಡ್ರೈಫಸ್ ಪ್ರಕರಣವನ್ನು ಹಲವರು ನೆನೆದುದರಲ್ಲಿ ಆಶ್ಚರ್ಯವಿಲ್ಲ. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ಅವರ ಪರವಾಗಿ ಬರೆದ ಮೇಲೆ ಕಳಂಕ ತೊಳೆಯಿತು. ಕಲಕತ್ತೆಗೆ ಮರಳಿದರಾದರೂ ಹಿಂದಿನ ಅಧಿಕಾರವನ್ನು ಕೊಡಲಿಲ್ಲ. 1914ರಲ್ಲಿ ನಿವೃತ್ತರಾದರು.

ಆಮೇಲಿನ ಬದುಕು ವಿಚಿತ್ರವಾದುದು. ಯೌವನದಲ್ಲಿ ಹಟಕ್ಕಾಗಿ ಹಿಡಿದ ಧರ್ಮವನ್ನು ವೃದ್ಧಾಪ್ಯದಲ್ಲಿ ನಿಷ್ಠೆಯಿಂದ ಆಚರಿಸತೊಡಗಿದರು. ಸಂಪ್ರದಾಯದ ಯೆಹೂದಿ ಜೀವನವನ್ನು ಸಮರ್ಥಿಸಿ 1916ರಲ್ಲಿ ದೀರ್ಘ ಲೇಖನವನ್ನೇ ಬರೆದರು. ಪರೇಲಿನ ಪ್ರಯೋಗಾಲಯಕ್ಕೆ 1925ರಲ್ಲಿ ಅವರ ಹೆಸರನ್ನಿಟ್ಟರು. ಮದುವೆಯಾಗಲಿಲ್ಲ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ತೀರಿಕೊಂಡರು. ಕೂಡಿಟ್ಟ ಹಣವನ್ನು ಪೂರ್ವ ಯೂರೋಪಿನ ಯೆಹೂದಿ ಧರ್ಮಪಾಠಶಾಲೆಗಳಿಗೆ ಬರೆದಿಟ್ಟಿದ್ದರು.