ಡಾ. ಆನಂದೀಬಾಯಿ ಜೋಶಿ: ಒಂದು ಬದುಕು, ಹಲವರ ಧೈರ್ಯ

ಶಾಲೆಯ ನೂರರ ಈ ಹಬ್ಬದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಯಾರ ಚರಿತ್ರೆಯನ್ನು ಹೇಳೋಣವೆಂದು ಯೋಚಿಸಿದಾಗ ನಮಗೆ ನೆನಪಾದವರು ಡಾ. ಆನಂದೀಬಾಯಿ ಜೋಶಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬೆಳೆದ ಜತ್ತ ಸೀಮೆಯ ನಮಗೆ ಅವರು ಹೊರಗಿನವರಲ್ಲ.

1865ರ ಮಾರ್ಚ್ 31ರಂದು ಜನಿಸಿದ ಅವರ ತವರಿನ ಹೆಸರು ಯಮುನಾ. ಒಂಬತ್ತರ ವಯಸ್ಸಿನಲ್ಲಿ ಅಂಚೆ ಇಲಾಖೆಯ ನೌಕರರಾಗಿದ್ದ ಗೋಪಾಲರಾವ್ ಜೋಶಿಯವರೊಡನೆ ವಿವಾಹವಾಯಿತು. ಹೆಂಡತಿಯನ್ನು ಓದಿಸಿಯೇ ತೀರಬೇಕೆಂಬುದು ಗೋಪಾಲರಾಯರ ಹಠ. ಊರು ನಕ್ಕರೂ ಅವರು ಹಿಂದೆಗೆಯಲಿಲ್ಲ. ಆ ಹಠದ ಜೊತೆಗೆ ಹೊಡೆತಬಡಿತವೂ ಇತ್ತೆಂಬುದನ್ನು ನಾವು ಮರೆಮಾಚಬಾರದು. ಹದಿನಾಲ್ಕರಲ್ಲಿ ಆನಂದಿ ತಾಯಿಯಾದರು. ಕೂಸು ಹತ್ತೇ ದಿನ ಉಳಿಯಿತು. ಗಂಡಸು ವೈದ್ಯರೆದುರು ನೋವು ಹೇಳಿಕೊಳ್ಳಲು ಸ್ತ್ರೀಯರು ಹಿಂಜರಿಯುತ್ತಿದ್ದ ಕಾಲವದು. ತಾನೇ ವೈದ್ಯೆಯಾಗಬೇಕೆಂಬ ಸಂಕಲ್ಪ ಅವರಲ್ಲಿ ಬೇರೂರಿತು.

ಆನಂದಿಯ ವಿದ್ಯಾಭ್ಯಾಸಕ್ಕೆ ನೆರವು ಕೋರಿ ಗೋಪಾಲರಾಯರು ಬರೆದ ಪತ್ರವು ಅಮೆರಿಕೆಯ ಮಿಷನರಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ನ್ಯೂಜರ್ಸಿಯ ಥಿಯೊಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ದಂತವೈದ್ಯರಲ್ಲಿ ಸರದಿಗಾಗಿ ಕಾಯುತ್ತ ಅದನ್ನು ಓದಿ, ಎಂದೂ ಕಾಣದ ಹುಡುಗಿಗೆ ಸ್ನೇಹದ ಕೈ ಚಾಚಿದರು. 1883ರಲ್ಲಿ ಶ್ರೀರಾಂಪುರದ ಕಾಲೇಜಿನ ಸಭಾಂಗಣದಲ್ಲಿ ತಮ್ಮ ನಿರ್ಧಾರದ ಕಾರಣಗಳನ್ನು ಜನರ ಮುಂದಿರಿಸಿ, ಆನಂದಿ ಕಲ್ಕತ್ತೆಯಿಂದ ಹಡಗು ಹತ್ತಿದರು. ಪತಿ ಜೊತೆಗಿರಲಿಲ್ಲ. ವಯಸ್ಸು ಹದಿನೆಂಟು.

ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿಯೂ ಅವರು ಸೀರೆಯನ್ನಾಗಲಿ ಸಸ್ಯಾಹಾರವನ್ನಾಗಲಿ ಬಿಡಲಿಲ್ಲ. ಕೊರೆಯುವ ಚಳಿಯಲ್ಲಿ ದೇಹ ಸೊರಗಿತು, ಓದು ನಿಲ್ಲಲಿಲ್ಲ. ಜಪಾನಿನ ಕೆಯ್ ಒಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ ಅವರೊಡನೆ, ಮೂವರೂ ತಮ್ಮ ತಮ್ಮ ನಾಡಿನ ಉಡುಗೆಯಲ್ಲಿ, 1885ರಲ್ಲಿ ತೆಗೆಸಿಕೊಂಡ ಭಾವಚಿತ್ರ ಇಂದಿಗೂ ಪ್ರಸಿದ್ಧ. 1886ರ ಮಾರ್ಚ್ 11ರಂದು ಆನಂದಿ ಎಂ.ಡಿ. ಪದವಿ ಪಡೆದಾಗ ಆ ಸಮಾರಂಭದಲ್ಲಿ ಪಂಡಿತಾ ರಮಾಬಾಯಿ ಉಪಸ್ಥಿತರಿದ್ದರು. ರಮಾಬಾಯಿಯವರು ಹುಟ್ಟಿದ್ದು ಕನ್ನಡನಾಡಿನ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಎಂಬುದು ನಮಗೆ ಅಭಿಮಾನದ ಸಂಗತಿ.

ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀ ವಿಭಾಗದ ಹೊಣೆ ಅವರಿಗಾಗಿ ಕಾದಿತ್ತು. ಆದರೆ ಮರಳಿ ಬಂದ ಆನಂದಿಯ ದೇಹವನ್ನು ಕ್ಷಯ ಆಗಲೇ ಆವರಿಸಿತ್ತು. 1887ರ ಫೆಬ್ರವರಿ 26ರಂದು, ಇಪ್ಪತ್ತೆರಡು ತುಂಬುವ ಮೊದಲೇ, ಅವರು ಪುಣೆಯಲ್ಲಿ ಕಣ್ಣು ಮುಚ್ಚಿದರು. ಆ ಆಸ್ಪತ್ರೆಯ ಹೊಣೆಯನ್ನು ವಹಿಸಿಕೊಳ್ಳುವ ದಿನ ಬರಲೇ ಇಲ್ಲ.

ಹಾಗಾದರೆ ಅವರ ಶ್ರಮವೆಲ್ಲ ವ್ಯರ್ಥವಾಯಿತೆ? ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. ಸಾಂಗ್ಲಿ ಜಿಲ್ಲೆಯ ಆಷ್ಟಾದಲ್ಲಿ ಹುಟ್ಟಿದ ಕಾಶೀಬಾಯಿ ಕಾನಿಟ್ಕರ್ ಶಾಲೆಗೆ ಹೋದವರಲ್ಲ. ಮದುವೆಯ ಬಳಿಕ ಮನೆಯಲ್ಲಿಯೇ ಅಕ್ಷರ ಕಲಿತವರು. ಅವರೇ ಆನಂದೀಬಾಯಿಯವರ ಚರಿತ್ರೆಯನ್ನು ಮರಾಠಿಯಲ್ಲಿ ಬರೆದರು. ಅಮೆರಿಕೆಯಲ್ಲಿ ಕ್ಯಾರೊಲಿನ್ ಡಾಲ್ 1888ರಲ್ಲಿಯೇ ಇಂಗ್ಲಿಷಿನಲ್ಲಿ ಬರೆದಿದ್ದರು. ಒಬ್ಬಳು ಹೆಣ್ಣು ಕಡಲು ದಾಟಿದಳು. ಆ ಕಥೆಯನ್ನು ಹೇಳಲು ಇನ್ನೊಬ್ಬಳು ಲೇಖನಿ ಹಿಡಿದಳು. ಧೈರ್ಯವು ಒಬ್ಬರಿಂದೊಬ್ಬರಿಗೆ ದಾಟುವ ಬಗೆ ಇದು. ಹಚ್ಚಿದವರ ಕೈ ಇಲ್ಲವಾದರೂ ದೀಪದಿಂದ ದೀಪ ಹತ್ತುತ್ತದೆ.

ಆದ್ದರಿಂದ ಪಾಲಕರಲ್ಲಿಯೂ ಗುರುಗಳಲ್ಲಿಯೂ ನಮ್ಮದೊಂದು ವಿನಂತಿ. ಸಾಧಕಿಯರ ಕಥೆಯನ್ನು ಮಕ್ಕಳಿಗೆ ಹೇಳುವಾಗ ಪದವಿಯನ್ನಷ್ಟೇ ಹೇಳಬೇಡಿ. ಸತ್ತ ಕೂಸನ್ನೂ, ತಿಂದ ಪೆಟ್ಟನ್ನೂ, ಚಳಿಯನ್ನೂ ಹೇಳಿ. ಕಷ್ಟ ತಮಗೊಬ್ಬರಿಗೇ ಬಂದುದಲ್ಲವೆಂದು ತಿಳಿದ ಮಗಳಿಗೆ ಹೆಜ್ಜೆ ಮುಂದಿಡುವುದು ಸುಲಭವಾಗುತ್ತದೆ. ನಮ್ಮ ಶಾಲೆಯಿಂದ ಹೊರಟು ವೈದ್ಯೆಯರೋ ಶಿಕ್ಷಕಿಯರೋ ಆದ ಅಕ್ಕಂದಿರು ವರ್ಷಕ್ಕೊಮ್ಮೆಯಾದರೂ ಬಂದು ಈ ಬೆಂಚುಗಳ ಮೇಲಿರುವ ತಂಗಿಯರಿಗೆ ತಮ್ಮ ಕಥೆ ಹೇಳಲಿ. ಎರಡನೆಯ ನೂರಕ್ಕೆ ನಾವು ಬಯಸುವ ಕಾಣಿಕೆ ಅದೇ.