ಲೆಕ್ಕದ ಮರ್ಮವನ್ನರಿತವನು: ಬೆಂಜಮಿನ್ ಗ್ರಹಾಂ

ಕವಿಗಳ ಚರಿತ್ರೆಯನ್ನೂ ವೀರರ ಚರಿತ್ರೆಯನ್ನೂ ಓದಿ ಬೆಳೆದ ನಮಗೆ, ಲೆಕ್ಕಪತ್ರಗಳನ್ನು ಓದಿಯೇ ಕೀರ್ತಿ ಗಳಿಸಿದವನೊಬ್ಬನ ಜೀವನವು ವಿಚಿತ್ರವಾಗಿ ತೋರಬಹುದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೂ ಮೊದಲು ಹಾಗೆಯೇ ತೋರಿತು. ಆದರೆ ಅಮೆರಿಕದ ಬೆಂಜಮಿನ್ ಗ್ರಹಾಂನ ಬಾಳನ್ನು ತಿಳಿದ ಮೇಲೆ, ಅಂಕಿಗಳ ಹಿಂದೆಯೂ ಮನುಷ್ಯರ ಸುಖದುಃಖಗಳೇ ಅಡಗಿವೆಯೆಂಬುದು ಮನದಟ್ಟಾಯಿತು. ಅದನ್ನು ಸಹಪಾಠಿಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಗ್ರಹಾಂ ಜನಿಸಿದ್ದು 1894ನೆಯ ಇಸವಿ ಮೇ 9ರಂದು, ಲಂಡನ್ ನಗರದಲ್ಲಿ. ಒಂದು ವರ್ಷದ ಕೂಸಾಗಿದ್ದಾಗಲೇ ಮನೆಯವರು ನ್ಯೂಯಾರ್ಕಿಗೆ ವಲಸೆ ಹೋದರು. ಮನೆತನದ ಹೆಸರು ಗ್ರಾಸ್‌ಬಾಮ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಧ್ವನಿಯ ಹೆಸರುಗಳನ್ನು ಜನರು ಸಂಶಯದಿಂದ ಕಾಣುತ್ತಿದ್ದುದರಿಂದ ಅದು ಗ್ರಹಾಂ ಎಂದಾಯಿತು. ತಂದೆ ಪಿಂಗಾಣಿ ಸಾಮಾನುಗಳ ವ್ಯಾಪಾರಿ. 1903ರಲ್ಲಿ ಆತ ತೀರಿಕೊಂಡಾಗ ಬಾಲಕನಿಗೆ ಒಂಬತ್ತು ವರ್ಷವೂ ತುಂಬಿರಲಿಲ್ಲ. ವಿಧವೆಯಾದ ತಾಯಿ ಮನೆಯನ್ನೇ ವಸತಿಗೃಹವಾಗಿ ಮಾರ್ಪಡಿಸಿದಳು, ಅದು ಕೈಗೂಡಲಿಲ್ಲ. ಸಾಲದ ಹಣದಿಂದ ಷೇರುಗಳನ್ನು ಕೊಂಡಳು. 1907ರ ಹಣಕಾಸಿನ ಕೋಲಾಹಲದಲ್ಲಿ ಅದೂ ಕೊಚ್ಚಿಹೋಯಿತು. ಒಮ್ಮೆ ತಾಯಿಯ ಚೆಕ್ಕನ್ನು ನಗದು ಮಾಡಿಸಲು ಹೋದಾಗ, ಐದು ಡಾಲರಿನ ಮಟ್ಟಿಗಾದರೂ ಆಕೆಯನ್ನು ನಂಬಬಹುದೇ ಎಂದು ಬ್ಯಾಂಕಿನವನು ಸಂಶಯಪಟ್ಟದ್ದು ಹುಡುಗನ ಕಿವಿಗೆ ಬಿದ್ದಿತು. ಆ ಅವಮಾನವನ್ನು ಆತನು ಕೊನೆಯವರೆಗೂ ಮರೆಯಲಿಲ್ಲ.

ವಿದ್ಯಾರ್ಥಿವೇತನದ ಬಲದಿಂದ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿ, 1914ರಲ್ಲಿ ತರಗತಿಗೆ ಎರಡನೆಯವನಾಗಿ ಪದವಿ ಪಡೆದನು. ಇಂಗ್ಲಿಷ್, ತತ್ತ್ವಶಾಸ್ತ್ರ, ಗಣಿತ ಈ ಮೂರು ವಿಭಾಗಗಳೂ ಆತನನ್ನು ಅಧ್ಯಾಪಕನಾಗಲು ಕರೆದವೆಂದರೆ ಆತನ ಪ್ರತಿಭೆ ಎಂತಹುದೆಂದು ವಾಚಕರು ಊಹಿಸಬಹುದು. ಆದರೆ ಮನೆಯ ಬಡತನ ಆತನನ್ನು ವಾಲ್ ಸ್ಟ್ರೀಟಿನ ಷೇರುಪೇಟೆಗೆ ಎಳೆಯಿತು.

ಆ ಪೇಟೆಯಲ್ಲಿ ಆಗ ನಡೆಯುತ್ತಿದ್ದುದು ಹೆಚ್ಚಾಗಿ ಗಾಳಿಮಾತಿನ ವ್ಯಾಪಾರ. ಕಂಪೆನಿಯ ಲೆಕ್ಕವನ್ನು ಬಿಡಿಸಿ ನೋಡುವವರು ವಿರಳ. ಇಲ್ಲಿ ಲೆಕ್ಕದ ಮಾತನ್ನು ಸ್ವಲ್ಪ ವಿವರಿಸುವುದು ಉಚಿತ. ನನಗೆ ಹೊಳೆದ ಉಪಮಾನವು ನಮ್ಮೂರ ಕೆರೆಯದು. ವರ್ಷವಿಡೀ ಕೆರೆಗೆ ಹರಿದು ಬಂದ ನೀರೆಷ್ಟು, ಹರಿದು ಹೋದ ನೀರೆಷ್ಟು ಎಂದು ತಿಳಿಸುವುದು ಲಾಭ-ನಷ್ಟದ ತಃಖ್ತೆ. ಒಂದು ಗೊತ್ತಾದ ದಿನದ ಸಂಜೆ ಕೆರೆಯಲ್ಲಿ ನಿಂತ ನೀರೆಷ್ಟು, ಅದರಲ್ಲಿ ಪರರಿಗೆ ಸಲ್ಲಬೇಕಾದುದೆಷ್ಟು, ನಮ್ಮದಾಗಿ ಉಳಿಯುವುದೆಷ್ಟು ಎಂದು ತಿಳಿಸುವುದು ಅಢಾವೆ ಪತ್ರಿಕೆ. ಮೊದಲನೆಯದನ್ನು ಮಾತ್ರ ನೋಡಿದವನು ಮಳೆಗಾಲದ ಒಂದು ವರ್ಷವನ್ನು ಕಂಡು ಮೋಸಹೋಗುತ್ತಾನೆ. ಉದ್ದರಿಯ ಮಾರಾಟವೂ ಲಾಭದ ಲೆಕ್ಕಕ್ಕೆ ಸೇರುವುದರಿಂದ, ಕಾಗದದ ಲಾಭವೆಲ್ಲ ಪೆಟ್ಟಿಗೆಯ ನಗದಲ್ಲ. ಯಂತ್ರಗಳ ಸವಕಳಿಯನ್ನು ಕಡಮೆ ಬರೆದರೆ ಲಾಭ ತಾನಾಗಿ ಉಬ್ಬುತ್ತದೆ. ಆದುದರಿಂದ ಎರಡನ್ನೂ ಒಂದರ ಪಕ್ಕದಲ್ಲೊಂದಿಟ್ಟು, ಒಂದಲ್ಲ ಹಲವು ವರ್ಷಗಳದ್ದನ್ನು ಓದಬೇಕೆಂಬುದೇ ಗ್ರಹಾಂ ಕಲಿಸಿದ ಪಾಠ.

ಈ ಪಾಠದ ಫಲವು 1926ರಲ್ಲಿ ಕಾಣಿಸಿತು. ಎಣ್ಣೆಯ ಕೊಳವೆಮಾರ್ಗದ ಕಂಪೆನಿಗಳು ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ಒಪ್ಪಿಸುತ್ತಿದ್ದ ವಿವರಗಳನ್ನು ಗ್ರಹಾಂ ವಾಷಿಂಗ್‌ಟನ್ನಿಗೆ ಹೋಗಿ ಓದಿದನು. ನಾರ್ದರ್ನ್ ಪೈಪ್ ಲೈನ್ ಎಂಬ ಕಂಪೆನಿಯ ಷೇರು ಆಗ 65 ಡಾಲರಿಗೆ ಮಾರುತ್ತಿತ್ತು. ಆದರೆ ಕಂಪೆನಿಯು ಸುಮ್ಮನೆ ಇಟ್ಟುಕೊಂಡಿದ್ದ ಸಾಲಪತ್ರಗಳ ಬೆಲೆಯೇ ಪ್ರತಿ ಷೇರಿಗೆ ಸುಮಾರು 95 ಡಾಲರ್! ವ್ಯವಹಾರಕ್ಕೆ ಬೇಡವಾದ ಹಣವನ್ನು ಅದರ ಒಡೆಯರಾದ ಷೇರುದಾರರಿಗೆ ಹಂಚಿರೆಂದು ಗ್ರಹಾಂ ಕೇಳಿದನು, ಆಡಳಿತದವರು ಒಪ್ಪಲಿಲ್ಲ. 1927ರ ವಾರ್ಷಿಕ ಸಭೆಯಲ್ಲಿ ಆತನ ಸೂಚನೆಯನ್ನು ಅನುಮೋದಿಸುವವರೇ ಇರಲಿಲ್ಲ. ಆತನು ಎದೆಗುಂದದೆ ಷೇರುದಾರರನ್ನು ಒಲಿಸಿಕೊಂಡು, ಮರುವರ್ಷ ಇಬ್ಬರು ನಿರ್ದೇಶಕರನ್ನು ಆರಿಸಿ ತಂದನು. ಕೊನೆಗೆ ಪ್ರತಿ ಷೇರಿಗೆ 70 ಡಾಲರ್ ಹಂಚಿಕೆಯಾಯಿತು.

ಆದರೆ ಲೆಕ್ಕ ಬಲ್ಲವನಿಗೂ ವಿಪತ್ತು ತಪ್ಪಲಿಲ್ಲ. 1929ರಿಂದ 1932ರವರೆಗಿನ ಮಹಾಕುಸಿತದಲ್ಲಿ ಆತನು ನೋಡಿಕೊಳ್ಳುತ್ತಿದ್ದ ನಿಧಿಯ ನೂರಕ್ಕೆ 70ರಷ್ಟು ನಾಶವಾಯಿತು. ಅದು ಆತನೊಬ್ಬನ ಹಣವಲ್ಲ, ನಂಬಿ ಕೊಟ್ಟವರ ಹಣ. ತಾಯಿಯನ್ನು ಮುಳುಗಿಸಿದ ಸುಳಿಯೇ ಈಗ ಮಗನನ್ನೂ ಸುತ್ತಿಕೊಂಡಿತ್ತು. ಆತನು ಓಡಿಹೋಗಲಿಲ್ಲ. ಸಹಭಾಗಿ ಜೆರೋಮ್ ನ್ಯೂಮನ್ನನೊಡನೆ ದುಡಿದು ಕೆಲವೇ ವರ್ಷಗಳಲ್ಲಿ ಆ ನಷ್ಟವನ್ನು ತುಂಬಿದನು. ಆ ಕತ್ತಲೆಯಲ್ಲಿಯೂ ಆತನ ಕಣ್ಣು ಲೆಕ್ಕದ ಮೇಲೆಯೇ ಇತ್ತು. 1932ರಲ್ಲಿ ಬರೆದ ಲೇಖನಗಳಲ್ಲಿ, ನ್ಯೂಯಾರ್ಕ್ ಪೇಟೆಯ 600 ಕೈಗಾರಿಕಾ ಕಂಪೆನಿಗಳ ಪೈಕಿ 200ಕ್ಕೂ ಹೆಚ್ಚಿನವು ತಮ್ಮ ನಗದು, ಸರಕು, ಬರಬೇಕಾದ ಬಾಕಿ ಇವುಗಳಲ್ಲಿ ಸಾಲವನ್ನೆಲ್ಲ ಕಳೆದು ಉಳಿಯುವ ಮೊತ್ತಕ್ಕಿಂತಲೂ ಅಗ್ಗವಾಗಿ ಮಾರುತ್ತಿವೆಯೆಂದು ತೋರಿಸಿಕೊಟ್ಟನು. ಬೆಲೆಗೂ ನಿಜವಾದ ಮೌಲ್ಯಕ್ಕೂ ನಡುವೆ ಸುರಕ್ಷತೆಯ ಅಂತರವಿರಬೇಕೆಂಬ ತತ್ತ್ವವು ಇಂತಹ ಪೆಟ್ಟುಗಳಿಂದ ಗಟ್ಟಿಗೊಂಡಿತು.

1928ರಿಂದಲೇ ಆತನು ಕೊಲಂಬಿಯಾದಲ್ಲಿ ಸಂಜೆಯ ತರಗತಿಗಳನ್ನು ನಡೆಸುತ್ತಿದ್ದನು. ಅದರಿಂದ ಹುಟ್ಟಿದುದೇ ಡೇವಿಡ್ ಡಾಡ್‌ನೊಡನೆ 1934ರಲ್ಲಿ ಪ್ರಕಟಿಸಿದ ಸೆಕ್ಯುರಿಟಿ ಅನಾಲಿಸಿಸ್ ಎಂಬ ಮಹಾಗ್ರಂಥ. 1937ರಲ್ಲಿ ಸ್ಪೆನ್ಸರ್ ಮೆರೆಡಿತ್‌ನೊಡನೆ ಹಣಕಾಸಿನ ತಃಖ್ತೆಗಳನ್ನು ಓದುವ ಬಗೆಯನ್ನೇ ತಿಳಿಸುವ ಚಿಕ್ಕ ಪುಸ್ತಕವೊಂದನ್ನು ಬರೆದನು. 1949ರಲ್ಲಿ ಜನಸಾಮಾನ್ಯರಿಗಾಗಿ ದಿ ಇಂಟೆಲಿಜೆಂಟ್ ಇನ್ವೆಸ್ಟರ್ ಬಂದಿತು. ಮುಂದೆ ಜಗದ್ವಿಖ್ಯಾತನಾದ ವಾರನ್ ಬಫೆಟ್ ಆತನ ಶಿಷ್ಯನು.

ಗ್ರಹಾಂನ ಬಾಳಿನಲ್ಲಿ ಒಂದು ವಿನೋದವೂ ಉಂಟು. 1948ರಲ್ಲಿ ಸುಮಾರು 7 ಲಕ್ಷ ಡಾಲರ್ ಕೊಟ್ಟು ಗೈಕೋ ಎಂಬ ವಿಮಾ ಕಂಪೆನಿಯ ಅರ್ಧ ಪಾಲನ್ನು ಆತನ ಸಂಸ್ಥೆ ಕೊಂಡಿತು. ಹಣವನ್ನು ಹಲವೆಡೆ ಹಂಚಿಡಬೇಕೆಂಬ ತನ್ನದೇ ನಿಯಮವನ್ನು ಮೀರಿದ ಆ ಒಂದು ಖರೀದಿಯಿಂದ ಬಂದ ಲಾಭವು, ಇಪ್ಪತ್ತು ವರ್ಷಗಳ ಉಳಿದ ಲಾಭಗಳ ಮೊತ್ತವನ್ನೂ ಮೀರಿಸಿತು. ಅದೃಷ್ಟಕ್ಕೂ ಇದರಲ್ಲಿ ಪಾಲುಂಟೆಂದು ಆತನು ಮುಚ್ಚುಮರೆಯಿಲ್ಲದೆ ಬರೆದಿಟ್ಟನು. ಲೆಕ್ಕ ಬಲ್ಲವನಿಗೆ ಇರಬೇಕಾದ ಪ್ರಾಮಾಣಿಕತೆ ಇದೇ ಅಲ್ಲವೇ?

1976ರ ಸೆಪ್ಟೆಂಬರ್ 21ರಂದು, ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಊರಿನಲ್ಲಿ, 82ನೆಯ ವಯಸ್ಸಿನಲ್ಲಿ ಗ್ರಹಾಂ ಕಾಲವಾದನು.

ನಮ್ಮಲ್ಲಿ ಎಲ್ಲರೂ ಷೇರುಪೇಟೆಗೆ ಹೋಗುವವರಲ್ಲ, ಹೋಗಬೇಕಾಗಿಯೂ ಇಲ್ಲ. ಆದರೆ ನಾಳೆ ನಮ್ಮಲ್ಲೊಬ್ಬರು ಸಹಕಾರ ಸಂಘದ ಸದಸ್ಯರಾಗಬಹುದು, ಮತ್ತೊಬ್ಬರು ಅಂಗಡಿ ಇಡಬಹುದು, ಇನ್ನೊಬ್ಬರು ದುಡಿದ ಹಣವನ್ನು ಯಾವುದೋ ಸಂಸ್ಥೆಯಲ್ಲಿ ಇಡಬಹುದು. ಆಗ ವರದಿಯ ಮೊದಲ ಪುಟದ ಸವಿಮಾತುಗಳನ್ನು ದಾಟಿ, ಕೊನೆಯ ಪುಟಗಳ ಅಂಕಿಗಳವರೆಗೆ ಹೋಗುವ ತಾಳ್ಮೆ ನಮಗಿರಬೇಕು. ನಂಬಿಕೆಯಿಂದ ಕೊಟ್ಟ ಹಣ ಎಲ್ಲಿದೆ, ಸಾಲವೆಷ್ಟು, ಲಾಭ ನಗದಾಗಿ ಬಂದಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದಕ್ಕೆ ದೊಡ್ಡ ಪಾಂಡಿತ್ಯ ಬೇಡ. ಆ ಪ್ರಶ್ನೆಗಳನ್ನು ಕೇಳಿಕೊಳ್ಳದ ಕಾರಣ ಬೀದಿಗೆ ಬಿದ್ದ ಮನೆಗಳು ಎಷ್ಟೋ ಇವೆ. ಅಂತಹ ಮನೆಯೊಂದರಿಂದ ಎದ್ದು ಬಂದು, ಪರರ ಮನೆಗಳು ಹಾಗಾಗದಂತೆ ದಾರಿ ತೋರಿದವನು ಬೆಂಜಮಿನ್ ಗ್ರಹಾಂ ಎಂದು ನಾನು ಭಾವಿಸುತ್ತೇನೆ.